ಚಂದ್ರನಿಗೂ ಒಂದು ಸಾಲು ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯಲ್ಲಿ ದಿನಾ ತಿಥಿ, ನಕ್ಷತ್ರ, ರಾಹುಕಾಲ, ಸೂರ್ಯೋದಯ, ಸೂರ್ಯಾಸ್ತ ಎಲ್ಲ ಬರುತ್ತದೆ. ಚಂದ್ರ ಮಾತ್ರ ಸಂಕಷ್ಟಿಯ ದಿನ ಒಮ್ಮೆ ಬಂದು ಹೋಗುತ್ತಾನೆ. ಉಳಿದ ದಿನ ಅವನು ಯಾವಾಗ ಹುಟ್ಟಿದ, ಯಾವಾಗ ಮುಳುಗಿದ ಎಂದು ವಿಚಾರಿಸುವವರಿಲ್ಲ. ಕರಾವಳಿಯ ಆವೃತ್ತಿಯಲ್ಲಾದರೂ ಚಂದ್ರೋದಯ, ಚಂದ್ರಾಸ್ತ ದಿನಾ ಹಾಕಿ ಎಂದು ಕೇಳಿಕೊಳ್ಳಲು ಈ ಪತ್ರ.

ಇದು ನನ್ನ ತಲೆಗೆ ಹೊಕ್ಕಿದ್ದು ಸೊಸೆಯಿಂದ. ಮಗ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು, ಈಗ ನಾರ್ವೆಯ ಟ್ರೋಮ್ಸೊ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾನೆ. ನಮ್ಮ ಉಡುಪಿ ಇರುವುದು 13 ಡಿಗ್ರಿ ಉತ್ತರದಲ್ಲಿ, ಆ ಊರು 69 ಡಿಗ್ರಿಯನ್ನೂ ದಾಟಿ ಮೇಲೆ. ಸೊಸೆ ಅಲ್ಲಿಯೂ ಸಂಕಷ್ಟಿ ಬಿಟ್ಟವಳಲ್ಲ. 2025ರ ಮೇ ತಿಂಗಳಲ್ಲಿ ಅವಳ ಫೋನು: "ಅತ್ತೆ, ಇಲ್ಲಿ ಸಂಕಷ್ಟಿಗೆ ಚಂದ್ರನೇ ಹುಟ್ಟುವುದಿಲ್ಲವಂತೆ. ನಾನು ಊಟ ಮಾಡುವುದು ಯಾವಾಗ?"

ತಮಾಷೆ ಎಂದುಕೊಂಡೆ. ಆಮೇಲೆ ಅವಳು ಆ ಊರಿನ ಒಂದು ತಿಂಗಳ ಪಟ್ಟಿಯನ್ನೇ ವಾಟ್ಸಾಪಿನಲ್ಲಿ ಕಳಿಸಿದಳು. ಒಂದೊಂದು ತಾರೀಕಿಗೆ ಒಂದೊಂದು ಸಾಲು: ಹುಟ್ಟುವ ಹೊತ್ತು, ಮುಳುಗುವ ಹೊತ್ತು, ಪಕ್ಕದಲ್ಲಿ ಚಂದ್ರನ ಪುಟ್ಟ ಚಿತ್ರ. ಮೇ 12, ಬುದ್ಧ ಪೂರ್ಣಿಮೆ. ಚಿತ್ರದಲ್ಲಿ ದುಂಡು ಚಂದ್ರ, ಗಂಟೆಯ ಜಾಗದಲ್ಲಿ ಬರೀ ಗೆರೆ. 13ಕ್ಕೆ ಗೆರೆ, 14ಕ್ಕೆ ಗೆರೆ, ಸಂಕಷ್ಟಿಯ 16ಕ್ಕೂ ಗೆರೆ. ಹುಣ್ಣಿಮೆ ಚಂದ್ರ ಆ ಊರಿನ ಮಟ್ಟಿಗೆ ಹುಟ್ಟಲೇ ಇಲ್ಲ! 27ರ ಅಮಾವಾಸ್ಯೆಗೆ ಪೂರಾ ಉಲ್ಟಾ. ಆಗ ಚಂದ್ರ ಮುಳುಗುವುದೇ ಇಲ್ಲ, ಇಡೀ ದಿನ ಆಕಾಶದಲ್ಲೇ ಇರುತ್ತಾನೆ, ಆದರೆ ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಅಲ್ಲಿ ಸೂರ್ಯನೂ ಮುಳುಗುವುದನ್ನು ನಿಲ್ಲಿಸಿರುತ್ತಾನೆ. ಮೇ 20ರ ಸುಮಾರಿಗೆ ಶುರುವಾದರೆ ಜುಲೈ ಕೊನೆಯ ವಾರದ ತನಕ ಹಗಲೇ.

ಪಟ್ಟಿಯಲ್ಲಿ ಇನ್ನೊಂದು ವಿಚಿತ್ರವಿತ್ತು. ನಮ್ಮಲ್ಲಿ ಚಂದ್ರ ದಿನಕ್ಕೆ ಮುಕ್ಕಾಲು ಗಂಟೆ, ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ, ಅಲ್ವಾ? ಅಲ್ಲಿ ಗೆರೆಗಳು ಮುಗಿದ ಮೇಲಿನ ದಿನಗಳಲ್ಲಿ ನಿನ್ನೆಗಿಂತ ಇವತ್ತು ಬೇಗ ಹುಟ್ಟುತ್ತಾನೆ, ಮುಳುಗುವುದು ಮಾತ್ರ ಗಂಟೆಗಟ್ಟಲೆ ತಡ. ಹೀಗೆ ಹಿಗ್ಗುತ್ತಾ ಹೋಗಿ ಕೊನೆಗೆ ಮುಳುಗುವುದನ್ನೇ ಬಿಡುತ್ತಾನೆ.

ಕಾರಣ ಕೇಳಿದರೆ ಮಗ ಅರ್ಧ ಗಂಟೆ ಪಾಠ ಮಾಡಿದ. ನನಗೆ ಹತ್ತಿದ್ದು ಇಷ್ಟು. ಸೂರ್ಯ ಒಂದು ವರ್ಷದಲ್ಲಿ ಮಾಡುವ ಉತ್ತರಾಯಣ, ದಕ್ಷಿಣಾಯನವನ್ನು ಚಂದ್ರ 27 ದಿನ ಚಿಲ್ಲರೆಯಲ್ಲಿ ಮುಗಿಸುತ್ತಾನೆ. ಇದನ್ನು ನೋಡಲು ನಾರ್ವೆಗೆ ಹೋಗಬೇಕಾಗಿಲ್ಲ. ನಮ್ಮ ಮನೆ ಪಡುಕೆರೆಯಲ್ಲಿ, ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ. ಒಂದು ವಾರ ಉತ್ತರಕ್ಕೆ ಸೇತುವೆಯ ಕಡೆಗೆ ಸರಿದು ಹುಟ್ಟುವ ಚಂದ್ರ ಎರಡು ವಾರ ಬಿಟ್ಟರೆ ದಕ್ಷಿಣಕ್ಕೆ ಮಟ್ಟು ಊರಿನ ಕಡೆಗೆ ಹೋಗಿರುತ್ತಾನೆ. ನಮಗೆ ಅಷ್ಟೇ ವ್ಯತ್ಯಾಸ. ಅಷ್ಟು ಉತ್ತರದ ಊರಿಗೆ ಅದೇ ಓಲಾಟ ಹೆಚ್ಚಾಗಿ, ತಿಂಗಳಿಗೆ ಒಂದು ವಾರದ ಹತ್ತಿರ ಚಂದ್ರ ಕಾಣೆ, ಇನ್ನೊಂದು ವಾರ ಮನೆಗೇ ಹೋಗದ ನೆಂಟ. ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ವಾಲುವುದು ಹೆಚ್ಚೆಂದರೆ ಇಪ್ಪತ್ಮೂರೂವರೆ ಡಿಗ್ರಿ. ಚಂದ್ರ 2025ರಲ್ಲಿ 28 ಡಿಗ್ರಿಯನ್ನೂ ದಾಟಿದ್ದ. ಇದು ಹದಿನೆಂಟೂವರೆ ವರ್ಷಕ್ಕೊಮ್ಮೆ ಏರಿ ಇಳಿಯುವ ಲೆಕ್ಕವಂತೆ. 2034ರ ಹೊತ್ತಿಗೆ ಅದು ಹದಿನೆಂಟೂವರೆ ಡಿಗ್ರಿಗೆ ಇಳಿಯುತ್ತದೆ. ಆಗ ಟ್ರೋಮ್ಸೊದಲ್ಲೂ ಚಂದ್ರ ದಿನಾ ಹುಟ್ಟಿ ದಿನಾ ಮುಳುಗುತ್ತಾನೆ. ಅಲ್ಲಿಯವರೆಗೆ ಸೊಸೆ ಏನು ಮಾಡುವುದು? ಉಡುಪಿಯ ಚಂದ್ರೋದಯವನ್ನೇ ಹಿಡಿ ಎಂದೆ. ಆ ದಿನ ಇಲ್ಲಿ ರಾತ್ರಿ ಹತ್ತು ದಾಟಿತ್ತು, ಅಲ್ಲಿ ಇನ್ನೂ ಸಂಜೆ ಏಳರ ಹತ್ತಿರ. ಅವಳಿಗೆ ಲಾಭವೇ ಆಯಿತು!

ಈಗ ನಮ್ಮೂರಿನ ವಿಷಯ. ನಮ್ಮ ಯಜಮಾನರು ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುತ್ತಿದ್ದವರು. ಈಗಲೂ ಬೆಳಿಗ್ಗೆ ಪತ್ರಿಕೆಯಲ್ಲಿ ಮೊದಲು ನೋಡುವುದು ತಿಥಿ. ಅದರ ಮೇಲೆ ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಎಂದು ಬೆರಳು ಮಡಚಿ ಹೇಳುತ್ತಾರೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಭರತ ಜೋರು, ಅಷ್ಟಮಿಯ ಹೊತ್ತಿಗೆ ನೀರಿಗೆ ಜೋರಿಲ್ಲ. ದಿನಕ್ಕೆ ಎರಡು ಭರತ, ಎರಡೂ ಒಂದೇ ಎತ್ತರ ಇರುವುದಿಲ್ಲ. ಚಂದ್ರ ತಡ ಮಾಡಿದಷ್ಟು ನೀರೂ ತಡ ಮಾಡುತ್ತದೆ. ಹೊಳೆಯಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೆಂಗಸರಿಗೆ ಇಳಿತದ ಹೊತ್ತು ತಪ್ಪಿದರೆ ಆ ದಿನದ ಸಂಪಾದನೆ ಹೋಯಿತು. ಅಳಿವೆಯಲ್ಲಿ ಹೂಳು ಇರುವ ಕಡೆ ಬೋಟಿನವರು ನೀರು ಏರುವುದನ್ನೇ ಕಾಯುತ್ತಾರೆ. ಇಂಥವರಿಗೆ ರಾಹುಕಾಲಕ್ಕಿಂತ ಚಂದ್ರ ಜಾಸ್ತಿ ಉಪಯೋಗ ಎಂದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಉಪವಾಸದ ತಿಂಗಳು ಮುಗಿಯುವಾಗ ಕಡಲ ಮೇಲೆ ಎಳೆ ಚಂದ್ರನಿಗಾಗಿ ಕಣ್ಣಿಟ್ಟು ಕೂರುವ ನಮ್ಮ ಬ್ಯಾರಿ ನೆರೆಯವರಿಗೂ ಚಂದ್ರಾಸ್ತದ ಹೊತ್ತು ಬೇಕಾದದ್ದೇ.

ಹಾಕುವುದಾದರೆ ಒಂದು ಮಾತು. ನಮ್ಮೂರ ಪಟ್ಟಿಯಲ್ಲೂ ತಿಂಗಳಿಗೊಂದು ಸಲ ಚಂದ್ರೋದಯದ ಜಾಗ ಖಾಲಿ ಬರುತ್ತದೆ. ಕೃಷ್ಣ ಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ, ಒಂದು ದಿನ ಮಧ್ಯರಾತ್ರಿಗೆ ಸ್ವಲ್ಪ ಮೊದಲು ಹುಟ್ಟಿದವನು ಮರುದಿನ ಹನ್ನೆರಡು ದಾಟಿಸಿಬಿಡುತ್ತಾನೆ. ನಡುವಿನ ತಾರೀಕಿಗೆ ಚಂದ್ರೋದಯವೇ ಇಲ್ಲ. ಅಚ್ಚಿನ ತಪ್ಪು ಎಂದು ಓದುಗರು ಫೋನ್ ಮಾಡಿಯಾರು, ಒಂದು ಸಣ್ಣ ಟಿಪ್ಪಣಿ ಕೊಡಿ.

ಜಾಗ ಇಲ್ಲ ಎನ್ನಬೇಡಿ. ದಿನ ಭವಿಷ್ಯದಲ್ಲಿ ಹನ್ನೆರಡು ರಾಶಿಗೂ ಅದೇ 'ಆರೋಗ್ಯದ ಕಡೆ ಗಮನವಿರಲಿ' ಬರುತ್ತದೆ, ಅದರಲ್ಲಿ ಒಂದು ಸಾಲು ಕಡಿಮೆಯಾದರೆ ಯಾರ ಆರೋಗ್ಯವೂ ಕೆಡುವುದಿಲ್ಲ. ಮತ್ತೆ, ನಮ್ಮ ಗೋಡೆಯ ಕ್ಯಾಲೆಂಡರಿನಂತೆ ಬೆಂಗಳೂರಿನ ಸಮಯ ಹಾಕಬೇಡಿ. ಅಲ್ಲಿ ಹುಟ್ಟಿದ ಚಂದ್ರ ಇಲ್ಲಿಗೆ ಬರಲು ಇನ್ನೂ ಹನ್ನೊಂದು ಹನ್ನೆರಡು ನಿಮಿಷ ಬೇಕು. ಹಸಿದವರಿಗೆ ಅದು ಸಣ್ಣ ಹೊತ್ತಲ್ಲ.

ಇಂತಿ,
ಓದುಗಿ, ಪಡುಕೆರೆ, ಮಲ್ಪೆ