ಭಾನುವಾರದ ಮಕ್ಕಳ ಕೂಟ: ಹಳೇ ತಟ್ಟೆಯಲ್ಲಿ ಉಪ್ಪುನೀರು ಇಡಿಸಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಕೂಟ 10ಕ್ಕಲ್ಲ, ಬೆಳಿಗ್ಗೆ 9ಕ್ಕೇ ಶುರು. ಜಾಗ ಅದೇ, ನಮ್ಮ ಮನೆ ಟೆರೇಸು. 5ರಿಂದ 8ನೇ ಕ್ಲಾಸಿನ ಮಕ್ಕಳಿಗೆ ಮಾತ್ರ.

ಈ ಸಲದ ವಿಷಯ ಅರಲ್ ಸಮುದ್ರ. ಹೆಸರಿಗೆ ಸಮುದ್ರ, ನಿಜಕ್ಕೂ ಸರೋವರ. ಕಜಕಸ್ತಾನ, ಉಜ್ಬೇಕಿಸ್ತಾನಗಳ ನಡುವೆ ಹರಡಿದ್ದ ಇದು ಒಂದು ಕಾಲಕ್ಕೆ ಜಗತ್ತಿನಲ್ಲೇ ನಾಲ್ಕನೇ ದೊಡ್ಡದು. 1960ರ ದಶಕದಿಂದ ಸೋವಿಯತ್ ಸರ್ಕಾರ ಇದಕ್ಕೆ ನೀರು ತರುತ್ತಿದ್ದ ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು ಹತ್ತಿ ಹೊಲಗಳಿಗೆ ಜಾಸ್ತಿ ಜಾಸ್ತಿ ತಿರುಗಿಸುತ್ತಾ ಹೋಯಿತು. ಸರೋವರ ಬತ್ತಿ ತುಂಡಾಯಿತು, ಉಳಿದ ನೀರು ಉಪ್ಪಾಯಿತು, ಮೀನು ಸತ್ತವು. ಬಂದರಾಗಿದ್ದ ಮುಯ್ನಾಕ್ ಊರಲ್ಲಿ ಈಗ ತುಕ್ಕು ಹಿಡಿದ ಹಡಗುಗಳು ಮರಳಿನ ಮೇಲೆ ನಿಂತಿವೆ. ಗಾಳಿ ಎದ್ದರೆ ಉಪ್ಪು, ಕೀಟನಾಶಕ ಬೆರೆತ ಧೂಳು.

ಇದನ್ನೆಲ್ಲ ಸುಮ್ನೆ ಬಾಯಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ, ಅಲ್ವಾ? ಅದಕ್ಕೇ ಗುರುವಾರ ಬೆಳಿಗ್ಗೆ ಒಂದು ಲೋಟ ನೀರಿಗೆ ನಾಲ್ಕು ಚಮಚ ಉಪ್ಪು ಕರಗಿಸಿ, ತಟ್ಟೆಗೆ ತೆಳ್ಳಗೆ ಹಾಕಿ ಬಿಸಿಲಿಗಿಡಿಸಿ. ದಿನಾ ಸಂಜೆ ನೀರಿನ ಅಂಚಿಗೆ ಮಾರ್ಕರ್‌ನಿಂದ ಗೆರೆ ಹಾಕಲಿ. ತಟ್ಟೆ ತೊಳೆಯದೆ ಹಾಗೇ ತನ್ನಿ. ಒಳ್ಳೇ ಸ್ಟೀಲ್ ತಟ್ಟೆ ಬೇಡ, ಕಲೆ ಬೀಳುತ್ತೆ. ನನಗೆ ಮನೆಯಲ್ಲಿ ಆಗಲೇ ಬೈಗುಳ ಆಗಿದೆ.

2005ರಲ್ಲಿ ಕಜಕಸ್ತಾನ ಕಟ್ಟಿ ಮುಗಿಸಿದ ಕೋಕ್-ಅರಲ್ ಅಣೆಕಟ್ಟಿನಿಂದ ಉತ್ತರದ ತುಂಡಿಗೆ ನೀರು, ಮೀನು ವಾಪಸ್ ಬಂದಿವೆ. ಅದರ ಚಿತ್ರವನ್ನೂ ತೋರಿಸುತ್ತೇನೆ.

ಬರುವ ಮಕ್ಕಳ ಹೆಸರನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಟೋಪಿ, ನೀರಿನ ಬಾಟಲಿ ಮರೆಯಬೇಡಿ.