ಕೇರೆ ಹಾವುಗಳ ಕುಸ್ತಿ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ಗದ್ದೆಯ ಬದುವಿನ ಮೇಲೆ ಹಗ್ಗ ಹೊಸೆದಂತೆ ಹೆಣೆದುಕೊಂಡು ನಿಂತ ಎರಡು ಹಾವುಗಳ ಚಿತ್ರ ಪ್ರಕಟವಾಗಿತ್ತು. ಚಿತ್ರ ಸೊಗಸಾಗಿಯೇ ಇತ್ತು. ಆದರೆ ಅದರ ಕೆಳಗಿದ್ದ ‘ನಾಗರ–ಕೇರೆ ಮಿಲನ’ ಎಂಬ ಒಕ್ಕಣೆ ತಪ್ಪು.

ಅವೆರಡೂ ಕೇರೆಗಳು, ನಿಂತ ಭಂಗಿ ನೋಡಿದರೆ ಎರಡೂ ಗಂಡು. ಕೂಡುವ ಕಾಲದಲ್ಲಿ ಗಂಡು ಕೇರೆಗಳು ಮೈಗೆ ಮೈ ಸುತ್ತಿ, ಮುಂಭಾಗವನ್ನು ಮೇಲೆತ್ತಿ, ಎದುರಾಳಿಯ ತಲೆಯನ್ನು ನೆಲಕ್ಕೊತ್ತಲು ಹೆಣಗುತ್ತವೆ. ಸಾಮಾನ್ಯವಾಗಿ ಕಚ್ಚಾಟವಿಲ್ಲದೆ ನಡೆಯುವ ಈ ಕುಸ್ತಿಯಲ್ಲಿ ಸೋತದ್ದು ಜಾಗ ಬಿಟ್ಟು ಸರಿದುಹೋಗುತ್ತದೆ. ನಾಗರಕ್ಕೆ ಕೇರೆಯೇ ಗಂಡು ಎಂಬ ಮಾತನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಆದರೆ ನಾಗರದಲ್ಲಿ ಗಂಡು ಹೆಣ್ಣು ಎರಡೂ ಉಂಟು, ಕೇರೆಯಲ್ಲೂ ಉಂಟು. ಇವೆರಡೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ನಾಗರವು ಸಿಕ್ಕರೆ ಕೇರೆಯನ್ನು ನುಂಗಬಲ್ಲದೇ ಹೊರತು ಅದರೊಡನೆ ಸಂಸಾರ ಹೂಡುವುದಿಲ್ಲ. ನಮ್ಮ ಮಲೆನಾಡಿನ ಕಾಳಿಂಗಕ್ಕಂತೂ ಕೇರೆಯೇ ಮೆಚ್ಚಿನ ಊಟ.

ಒಕ್ಕಣೆಯ ತಪ್ಪನ್ನು ಇಷ್ಟು ಹಿಡಿದು ಹೇಳಲು ಕಾರಣವಿದೆ. ನಾಗರದ ಜೊತೆಗಾರನೆಂದು ಹೆಸರಾದ ಮೇಲೆ ಕೇರೆಗೂ ವಿಷವಿರಬೇಕೆಂದು ಜನ ತಿಳಿಯುತ್ತಾರೆ. ಹಿಡಿಯಲು ಹೋದರೆ ಅದು ಕತ್ತು ಉಬ್ಬಿಸಿ ಗುರುಗುಟ್ಟುವುದರಿಂದ ಆ ಭಯ ಇನ್ನಷ್ಟು ಬಲಿಯುತ್ತದೆ. ವಾಸ್ತವದಲ್ಲಿ ಕೇರೆಗೆ ವಿಷವಿಲ್ಲ. ಹೆದರಿದಾಗ ಕಚ್ಚುವುದುಂಟು, ಗಾಯವನ್ನು ಸೋಪು ನೀರಿನಲ್ಲಿ ತೊಳೆದುಕೊಳ್ಳಬೇಕಾಗುತ್ತದೆ. ಬಾಲದಲ್ಲಿ ಹೊಡೆದರೆ ಮೈ ಕೊಳೆಯುತ್ತದೆ, ಹಸುವಿನ ಕಾಲಿಗೆ ಸುತ್ತಿ ಹಾಲು ಕುಡಿಯುತ್ತದೆ ಎಂಬವು ಕಟ್ಟುಕಥೆಗಳು. ಹಾವಿನ ಬಾಯಿಗೆ ಚೀಪುವ ಶಕ್ತಿಯೇ ಇಲ್ಲ.

ಎರಡು ಮೀಟರ್ ಮೀರಿ ಬೆಳೆಯಬಲ್ಲ ಈ ಹಾವು ಹಗಲಿನಲ್ಲೇ ಅಡ್ಡಾಡುತ್ತದೆ. ಇಲಿ, ಕಪ್ಪೆ, ಹಲ್ಲಿ, ಹಕ್ಕಿ ಇದರ ಆಹಾರ. ವಿಷವಾಗಲಿ, ಹೆಬ್ಬಾವಿನಂತೆ ಸುತ್ತಿ ಕೊಲ್ಲುವ ಕ್ರಮವಾಗಲಿ ಇದಕ್ಕಿಲ್ಲದ ಕಾರಣ, ಹಿಡಿದ ಬೇಟೆಯನ್ನು ಮೈಯಿಂದ ನೆಲಕ್ಕೊತ್ತಿ ನುಂಗುತ್ತದೆ. ಇಲಿಯನ್ನು ಅಟ್ಟಿಕೊಂಡು ಬಿಲದೊಳಕ್ಕೇ ನುಗ್ಗುವ ಕೆಲಸ ಬೆಕ್ಕಿನಿಂದ ಆಗದು. ಹಗಲು ಕಣ್ಣಿಗೆ ಬೀಳುವುದೇ ಇದಕ್ಕೆ ಮುಳುವಾಗಿದೆ. ಕಳೆದ ವರ್ಷ ನಮ್ಮ ಪಕ್ಕದ ಕಣದಲ್ಲಿ, ಭತ್ತದ ಪಣತದ ಬಳಿ ಕಂಡ ಆಳುದ್ದದ ಕೇರೆಯನ್ನು ನಾಗರವೆಂದು ಹೊಡೆದು ಹಾಕಿದರು. ಹೆಡೆಯಿರಲಿಲ್ಲ, ದೊಡ್ಡ ದುಂಡು ಕಣ್ಣು ಮತ್ತು ತುಟಿಯ ಮೇಲಿನ ಕಪ್ಪು ಗೀಟುಗಳು ಸತ್ತ ಮೇಲೂ ಸ್ಪಷ್ಟವಾಗಿ ಕಾಣುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇರೆಯನ್ನು ಕೊಲ್ಲುವುದು ಅಪರಾಧವೆಂದು ಅಲ್ಲಿ ನೆರೆದಿದ್ದವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಆದ್ದರಿಂದ ಅದೇ ಪುಟದಲ್ಲಿ, ಸಾಧ್ಯವಾದರೆ ಅದೇ ಚಿತ್ರದೊಂದಿಗೆ, ಸರಿಯಾದ ಒಕ್ಕಣೆಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು