ವೇಷ ಹಾಕದೆ ಆಡುವ ಆಟ

ಸಂಪಾದಕರಿಗೆ,

ಮಾನ್ಯರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಆಸ್ಟ್ರೇಲಿಯಾದ ರಾಜಕೀಯ ವಿಡಂಬನೆ ಕುರಿತ ಬರಹ ಓದಿದೆವು. ಅಲ್ಲಿ ಮಂತ್ರಿಗಳನ್ನು ಬಾಯಿಗೆ ಬಂದಂತೆ ಬೈದರೂ ಕೇಳುವವರಿಲ್ಲ, ಇಲ್ಲಿ ಒಂದು ಸಾಲು ಬರೆದರೆ ಕೇಸು, ಅದಕ್ಕೇ ಕನ್ನಡ ಪತ್ರಿಕೆಗಳಲ್ಲಿ ವಿಡಂಬನೆ ಸೊರಗಿದೆ ಎಂಬುದು ಅದರ ಸಾರಾಂಶ. ಕೇಸಿನ ಭಯ ನಿಜ. ಮಿಕ್ಕಿದ್ದನ್ನು ಒಪ್ಪಲಾಗದು. ಅಲ್ಲಿನವರನ್ನು ಕಾಪಾಡುತ್ತಿರುವುದು ಕಾನೂನಿಗಿಂತ ಹೆಚ್ಚಾಗಿ ಅವರ ಕಸುಬು. ಕಸುಬು ಕಲಿಯುವುದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನಮ್ಮ ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯವನ್ನು 19(1)(ಎ) ಎಂದು ಬರೆದಿಟ್ಟಿದ್ದಾರೆ. ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಅಂಥ ಕಲಮೇ ಇಲ್ಲ. ರಾಜಕೀಯ ಮಾತಾಡುವ ಸ್ವಾತಂತ್ರ್ಯ ಸಂವಿಧಾನದ ಒಡಲೊಳಗೇ ಅಡಗಿದೆ ಎಂದು ಅಲ್ಲಿನ ಹೈಕೋರ್ಟ್ (ಅವರಿಗೆ ಅದೇ ಸರ್ವೋಚ್ಚ ನ್ಯಾಯಾಲಯ) 1990ರ ದಶಕದಲ್ಲಿ ಅರ್ಥ ಬಿಡಿಸಿ ಹೇಳಬೇಕಾಯಿತು. ಪಾಲಿನ್ ಹ್ಯಾನ್ಸನ್ ಎಂಬ ಸಂಸದೆಯ ಮಾತುಗಳನ್ನೇ ಕತ್ತರಿಸಿ ಜೋಡಿಸಿ ಕಲಾವಿದನೊಬ್ಬ ಹಾಡು ಕಟ್ಟಿದ್ದ. ಅದನ್ನು ಸಾರ್ವಜನಿಕ ವಾಹಿನಿ ಎಬಿಸಿ ಪ್ರಸಾರ ಮಾಡದಂತೆ 1997ರಲ್ಲಿ ತಡೆಯಾಜ್ಞೆ ಬಂತು, 1998ರಲ್ಲಿ ಮೇಲ್ಮನವಿಯಲ್ಲೂ ಅದೇ ಗಟ್ಟಿಯಾಯಿತು. 2022ರಲ್ಲಿ, ನ್ಯೂ ಸೌತ್ ವೇಲ್ಸ್ ರಾಜ್ಯದ ಉಪಮುಖ್ಯಮಂತ್ರಿಯಾಗಿದ್ದ ಜಾನ್ ಬ್ಯಾರಿಲಾರೊ ಅವರ ಮೇಲೆ ಯೂಟ್ಯೂಬ್ ಹಾಸ್ಯಗಾರನೊಬ್ಬ ಮಾಡಿದ ವಿಡಿಯೊಗಳನ್ನು ತೆಗೆಯದೆ ಕೂತ ಗೂಗಲ್‌ಗೆ 7,15,000 ಡಾಲರ್ ಪರಿಹಾರ ಕಟ್ಟುವಂತೆ ಆದೇಶವಾಯಿತು. ಕೇಳುವವರಿಲ್ಲ ಎನ್ನುವುದಕ್ಕೆ ಇದು ಸ್ವಲ್ಪ ದುಬಾರಿ ಮೊತ್ತ. ನಮಗಿಂತ ಅವರಿಗೆ ಅನುಕೂಲ ಇರುವ ಕಡೆಯೂ ಇದೆ. 2006ರ ತಿದ್ದುಪಡಿಯಿಂದ ಅವರ ಕಾಪಿರೈಟ್ ಕಾಯ್ದೆಗೆ 41ಎ ಕಲಮು ಸೇರಿ, ಅಣಕ ಮತ್ತು ವಿಡಂಬನೆಗೆ ಇನ್ನೊಬ್ಬರ ಕೃತಿಯನ್ನು ನ್ಯಾಯವಾಗಿ ಬಳಸಲು ಹೆಸರಿಟ್ಟೇ ಅವಕಾಶ ಕೊಟ್ಟರು. ಮಾನನಷ್ಟದ ದಾವೆಯಲ್ಲಿ ಆಡಿದ ಮಾತು ಸತ್ಯವೆಂದು ಸಾಬೀತಾದರೆ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಮಾನನಷ್ಟವನ್ನು ಅಪರಾಧವೆಂದು ಎಣಿಸುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೆ ಸತ್ಯವೊಂದೇ ಸಾಲದು, ಅದನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದೂ ಆಗಿರಬೇಕು. ಕೆರೆ, ಕಾಲುವೆ, ರಸ್ತೆ, ಟೆಂಡರ್ ಬಗ್ಗೆ ಬರೆಯುವವರಿಗೆ ಈ ಎರಡನೆಯದು ಅಷ್ಟೇನೂ ಕಷ್ಟವಲ್ಲ. ಮಂತ್ರಿಯ ಮನೆಯ ಮದುವೆ ಬಗ್ಗೆ ಬರೆಯಲು ಹೊರಟವರಿಗೇ ಕಷ್ಟ.

ನಿಮ್ಮ ಲೇಖಕರು ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಪಾಲ್ ಕೀಟಿಂಗ್ ಅವರ ಬೈಗುಳಗಳನ್ನು ಮೆಚ್ಚಿಕೊಂಡು ಉದಾಹರಿಸಿದ್ದಾರೆ. ವಿರೋಧ ಪಕ್ಷದ ಜಾನ್ ಹ್ಯೂಸನ್ ಅವರ ಟೀಕೆ ಬೆಚ್ಚಗಿನ ಲೆಟ್ಯೂಸ್ ಸೊಪ್ಪಿನಿಂದ ಬಡಿಸಿಕೊಂಡಂತೆ ಎಂದದ್ದು, ಸಂಸತ್ತಿನ ಮೇಲ್ಮನೆಯಾದ ಸೆನೆಟನ್ನು ಯಾರನ್ನೂ ಪ್ರತಿನಿಧಿಸದ ಕಲಗಚ್ಚು ಎಂದದ್ದು ಸೊಗಸಾಗಿಯೇ ಇವೆ. ಆದರೆ ಅವು ರಾಜಕಾರಣಿಯ ನಾಲಿಗೆಯವು, ಪತ್ರಕರ್ತನವಲ್ಲ. ಸದನದೊಳಗೆ ಆಡಿದ ಮಾತಿಗೆ ದಾವೆ ಹೂಡುವಂತಿಲ್ಲ, ಅಲ್ಲೂ ಅಷ್ಟೆ, ಇಲ್ಲೂ ಅಷ್ಟೆ. ಆ ಸವಲತ್ತು ನಿಮ್ಮ ಉಪಸಂಪಾದಕರಿಗಿಲ್ಲ.

ಪತ್ರಕರ್ತರಿಗೆ ಮಾದರಿಯಾಗಬೇಕಾದವರು ಬೇರೆ: ಟಿವಿಯ ವಿಡಂಬನಕಾರರಾದ ಜಾನ್ ಕ್ಲಾರ್ಕ್ ಮತ್ತು ಬ್ರಯಾನ್ ಡಾವ್. 1989ರಲ್ಲಿ ಶುರುಮಾಡಿ, ಮುಂದೆ ಎಬಿಸಿಗೆ ಬಂದು, 2017ರ ಏಪ್ರಿಲ್‌ನಲ್ಲಿ ಕ್ಲಾರ್ಕ್ ತೀರಿಕೊಳ್ಳುವವರೆಗೂ ಇವರ ಕಾರ್ಯಕ್ರಮ ನಡೆಯಿತು. ಪ್ರತಿ ಸಲ ಮೂರು ನಿಮಿಷದ ಆಸುಪಾಸು. ಒಬ್ಬ ಸಂದರ್ಶಕ, ಒಬ್ಬ ಪ್ರಧಾನಿ ಅಥವಾ ಮಂತ್ರಿ. ಸಾಮಾನು ಎಂದರೆ ಕುರ್ಚಿ ಮತ್ತು ಕೋಟು, ಅಷ್ಟೆ. ವಿಗ್ ಇಲ್ಲ, ಮೇಕಪ್ ಇಲ್ಲ, ದನಿಯ ಅನುಕರಣೆ ಇಲ್ಲ. ಕ್ಲಾರ್ಕ್ ಯಾವ ಪ್ರಧಾನಿಯಾದರೂ ಮಾತಾಡುತ್ತಿದ್ದುದು ತನ್ನ ನ್ಯೂಜಿಲೆಂಡ್ ದನಿಯಲ್ಲೇ. ಅನುಕರಣೆ ಚೆನ್ನಾಗಿದ್ದರೆ ಜನ ಅನುಕರಣೆಗೆ ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ಅದನ್ನು ತೆಗೆದುಬಿಟ್ಟರೆ ಕಿವಿಗೆ ಬೀಳುವುದು ಉತ್ತರ ಮಾತ್ರ. ಎಷ್ಟು ಪೊಳ್ಳು ಎಂಬುದು ಆಗ ತಾನಾಗಿ ಕೇಳಿಸುತ್ತದೆ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಬಯಲಾಟದ ಸಾರಥಿ ಮಾಡುವುದು ಇದನ್ನೇ. ಕಿರೀಟ, ಭುಜಕೀರ್ತಿ ಎಲ್ಲ ರಾಜನಿಗೆ. ಸಾರಥಿ ಸಾದಾ ಬಟ್ಟೆಯಲ್ಲಿ ಬಂದು ‘ತಾವು ದಾರು?’ ಎಂದು ಕೇಳುತ್ತಾನೆ, ರಾಜ ತನ್ನ ಬಾಯಿಂದಲೇ ತನ್ನನ್ನು ಬಿಚ್ಚಿಕೊಳ್ಳುತ್ತಾನೆ. ಕ್ಲಾರ್ಕ್ ಮಾಡಿದ್ದು ಒಂದು ಹೆಚ್ಚಿನ ಹೆಜ್ಜೆ: ರಾಜನ ಕಿರೀಟವನ್ನೂ ಇಳಿಸಿದ.

1991ರ ಜುಲೈಯಲ್ಲಿ ‘ಕಿರ್ಕಿ’ ಎಂಬ ತೈಲ ಹಡಗಿನ ಮೂತಿಯೇ ಕಳಚಿ ಪಶ್ಚಿಮ ಆಸ್ಟ್ರೇಲಿಯಾದ ಕಡಲಿಗೆ ಬಿತ್ತು. ಆ ಘಟನೆ ಮೇಲೆ ಇವರು ಮಾಡಿದ ತುಣುಕನ್ನು ಜಗತ್ತು ಇವತ್ತಿಗೂ ನೋಡುತ್ತಿದೆ. ಹಾಗಿದ್ದರೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ನಮ್ಮ ಪತ್ರಿಕೆಗಳು ಏನು ಬರೆದವು? ವರದಿ ಬಂತು, ಸಂಪಾದಕೀಯ ಬಂತು, ನಾಯಕರ ಪರಸ್ಪರ ಆರೋಪ ಒಂದು ವಾರ ಬಂತು. ಸಾರಥಿ ಬರಲಿಲ್ಲ. ಬಂದಿದ್ದರೆ ಹೀಗೆ ಬರಬಹುದಿತ್ತು:

ಸಾರಥಿ: ತಾವು ದಾರು ಸ್ವಾಮಿ?
ಅಧಿಕಾರಿ: ಭಲಾ ಸಾರಥಿ, ಎಪ್ಪತ್ತು ವರ್ಷ ಏನೂ ಆಗದಂಗ ನೋಡಿಕೊಂಡವರು.
ಸಾರಥಿ: ಈಗ ಆಗೇತಲ್ರೀ?
ಅಧಿಕಾರಿ: ಎಪ್ಪತ್ತು ವರ್ಷ ಮುಗಿದಾವಲ್ಲ.
ಸಾರಥಿ: 19ನೇ ಗೇಟು?
ಅಧಿಕಾರಿ: ಉಳಿದ 32 ಗಟ್ಟಿ ನಿಂತಾವು. ಅದನ್ನ ಯಾರೂ ಬರೆಯೊಲ್ರು.
ಸಾರಥಿ: ಚೈನು ಯಾರದು?
ಅಧಿಕಾರಿ: ಮೂರೂ ರಾಜ್ಯದ್ದು.
ಸಾರಥಿ: ತುಂಡಾಗಿದ್ದು?
ಅಧಿಕಾರಿ: ಅದು ಚೈನಿಂದೇ.
ಸಾರಥಿ: ನೀರು ಎಲ್ಲಿ ಹೋತು?
ಅಧಿಕಾರಿ: ಎಲ್ಲಿಗೂ ಹೋಗಿಲ್ಲ. ಹೊಳಿಯಾಗ ಐತಿ.
ಸಾರಥಿ: ಹೊಲಕ್ಕ?
ಅಧಿಕಾರಿ: ಹೊಲ ಹೊಳಿ ಹತ್ರ ಬರಬೇಕಿತ್ತು.

ಇಲ್ಲಿ ಯಾರ ಹೆಸರೂ ಇಲ್ಲ, ಪಕ್ಷವಿಲ್ಲ, ಬೈಗುಳವಿಲ್ಲ. ಇರುವ ಅಂಕಿಗಳೆಲ್ಲ ಕಡತಕ್ಕೆ ತಾಳೆಯಾಗುತ್ತವೆ: ಒಟ್ಟು 33 ಗೇಟು, ಹೋದದ್ದು 19ನೆಯದು, ಅಣೆಕಟ್ಟೆಗೆ ಎಪ್ಪತ್ತರ ವಯಸ್ಸು, ನೀರಿನ ಪಾಲು ಕರ್ನಾಟಕ, ಆಂಧ್ರ, ತೆಲಂಗಾಣಕ್ಕೆ. 32ರ ಬದಲು 31 ಎಂದು ಬರೆದಿದ್ದರೆ ಮರುದಿನ ಆ ಇಲಾಖೆಯ ಸ್ಪಷ್ಟನೆ ಬರುತ್ತಿತ್ತು, ನಗುವ ಸರದಿ ಅವರದಾಗುತ್ತಿತ್ತು. ವರದಿಗೆ ಎಷ್ಟು ತಾಳೆ ನೋಡುತ್ತೇವೋ ವಿಡಂಬನೆಗೆ ಅದರ ಎರಡರಷ್ಟು ನೋಡಬೇಕು. ಸಿಡ್ನಿ ಒಲಿಂಪಿಕ್ಸ್ ತಯಾರಿಯನ್ನು ಗೇಲಿ ಮಾಡಿ ಕ್ಲಾರ್ಕ್ ತಂಡ 1998ರಲ್ಲಿ ಮಾಡಿದ ಧಾರಾವಾಹಿಯಲ್ಲಿ 100 ಮೀಟರ್ ಓಟದ ಟ್ರ್ಯಾಕ್ 94 ಮೀಟರ್ ಇರುತ್ತದೆ. ನಗು ಇರುವುದು ಆ 94ರಲ್ಲಿ. ಐವತ್ತು ಎಂದಿದ್ದರೆ ಅದು ಸರ್ಕಸ್ಸಾಗುತ್ತಿತ್ತು. 94 ಎಂದಾಗ ಗುತ್ತಿಗೆದಾರನ ಮುಖ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ಗುಟ್ಟು ಕ್ರಿಯಾಪದದಲ್ಲಿದೆ. ಕಚೇರಿಯ ಕನ್ನಡದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ‘ಆಗುತ್ತದೆ’. ‘ಕ್ರಮ ಕೈಗೊಳ್ಳಲಾಗುವುದು’, ‘ಪರಿಶೀಲನೆಯಲ್ಲಿರುತ್ತದೆ’. ವಿಡಂಬನಕಾರ ಹೊಸ ಮಾತು ಹುಟ್ಟಿಸಬೇಕಿಲ್ಲ. ಆ ವಾಕ್ಯವನ್ನು ಇದ್ದಂತೇ ಎತ್ತಿ ಅದರ ಮುಂದೆ ‘ಯಾರು?’ ಎಂಬ ಒಂದು ಪ್ರಶ್ನೆ ಇಟ್ಟರೆ ಸಾಕು. ಸಂದರ್ಶಕ ಜಾಣನಾಗಬಾರದು, ಕೋಪಿಸಿಕೊಳ್ಳಲೂಬಾರದು. ಡಾವ್ ಅವರ ಪಾತ್ರ ಸುಲಭವಾಗಿ ಕಾಣುತ್ತದೆ, ಆದರೆ ನಮ್ಮಲ್ಲಿ ಪ್ರಯತ್ನ ಮಾಡಿದವರು ಎಡವಿದ್ದು ಅಲ್ಲೇ. ಸಾರಥಿ ಭಾಷಣಕ್ಕೆ ನಿಂತರೆ ಆಟ ಕೆಡುತ್ತದೆ.

ಒಲಿಂಪಿಕ್ಸ್ ಕುರಿತ ಕ್ಲಾರ್ಕ್ ತಂಡದ ಅದೇ ಧಾರಾವಾಹಿಯ 2000ದ ಕಂತೊಂದನ್ನು ನೆನೆಯದೆ ಇರಲಾಗದು. ಮೂಲನಿವಾಸಿಗಳ ಕ್ಷಮೆ ಕೇಳಲು ಆಗಿನ ಪ್ರಧಾನಿ ಜಾನ್ ಹೊವಾರ್ಡ್ ಒಪ್ಪಿರಲಿಲ್ಲ. ಆ ದೇಶದಲ್ಲಿ ಜಾನ್ ಹೊವಾರ್ಡ್ ಎಂಬ ಹೆಸರಿನ ನಟನೊಬ್ಬನಿದ್ದ. ಅವನನ್ನು ಕ್ಯಾಮೆರಾ ಮುಂದೆ ಕೂರಿಸಿ, ‘ನನ್ನ ಹೆಸರು ಜಾನ್ ಹೊವಾರ್ಡ್’ ಎನ್ನಿಸಿ, ಪೂರ್ತಿ ಗಂಭೀರವಾದ ಕ್ಷಮಾಪಣೆ ಓದಿಸಿದರು. ಹೇಳಿದ್ದು ಒಂದಕ್ಷರ ಸುಳ್ಳಲ್ಲ. ನಿಜವಾದ ಕ್ಷಮಾಪಣೆ ಸಂಸತ್ತಿನಲ್ಲಿ ಬಂದದ್ದು 2008ರ ಫೆಬ್ರುವರಿ 13ರಂದು, ಕೆವಿನ್ ರಡ್ ಪ್ರಧಾನಿಯಾದ ಮೇಲೆ.

ಅಲ್ಲಿನದೆಲ್ಲ ಬಂಗಾರ ಎನ್ನುತ್ತಿಲ್ಲ. 1880ರಲ್ಲಿ ಸಿಡ್ನಿಯಲ್ಲಿ ಹುಟ್ಟಿ ವ್ಯಂಗ್ಯಚಿತ್ರಕ್ಕೆ ಹೆಸರಾದ ‘ಬುಲೆಟಿನ್’ ವಾರಪತ್ರಿಕೆ ‘ಬಿಳಿಯನಿಗಾಗಿ ಆಸ್ಟ್ರೇಲಿಯಾ’ ಎಂಬ ಘೋಷವಾಕ್ಯವನ್ನು ದಶಕಗಟ್ಟಲೆ ಹೊತ್ತುಕೊಂಡೇ ನಡೆಯಿತು. ಮೇಲಿನವರನ್ನು ಬಿಟ್ಟು ಕೆಳಗಿನವರನ್ನು ಗೇಲಿ ಮಾಡುವ ಚಾಳಿ ಅಲ್ಲೂ ಇತ್ತು. ನಮ್ಮಲ್ಲಿ ಜಾತಿ, ಮೈಬಣ್ಣ, ಹೆಂಗಸರ ಮೇಲಿನ ಹಾಸ್ಯ ಅದೇ ಜಾತಿಯದು.

ಈಗ, ಇದು ವಿಡಂಬನೆ ಎಂದು ಓದುಗನಿಗೆ ತಿಳಿಸುವ ಗುರುತಿನ ಪಟ್ಟಿಯ ಪ್ರಶ್ನೆ. 2007ರ ಸೆಪ್ಟೆಂಬರ್ 6ರಂದು, ಸಿಡ್ನಿಯಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಎಪೆಕ್ ಶೃಂಗಸಭೆ ನಡೆದಿದ್ದಾಗ, ‘ಚೇಸರ್’ ಎಂಬ ಹಾಸ್ಯ ತಂಡ ಕೆನಡಾ ಧ್ವಜ ಕಟ್ಟಿದ ನಕಲಿ ಬೆಂಗಾವಲು ವಾಹನಗಳ ಸಾಲಿನಲ್ಲಿ ನಿರ್ಬಂಧಿತ ವಲಯ ಹೊಕ್ಕಿತು. ಕೊರಳಲ್ಲಿದ್ದ ಪಾಸಿನ ಮೇಲೆ ‘ಜೋಕ್’ ಎಂದೇ ಅಚ್ಚಾಗಿತ್ತು. ಪೊಲೀಸರು ಓದಲಿಲ್ಲ, ಕೈ ಬೀಸಿ ಒಳಗೆ ಬಿಟ್ಟರು. ಬಿನ್ ಲಾದೆನ್ ವೇಷದವನು ಕಾರಿನಿಂದ ಇಳಿದ ಮೇಲೆಯೇ ಎಚ್ಚರವಾದದ್ದು. 11 ಜನರ ಮೇಲೆ ಹಾಕಿದ ಆರೋಪಗಳನ್ನು ಮರುವರ್ಷ ಕೈಬಿಟ್ಟರು. ತಪಾಸಣೆಗೆಂದೇ ನಿಂತವರು ಪಾಸು ಓದದಿದ್ದ ಮೇಲೆ, ವಾಟ್ಸ್ಆ್ಯಪ್‌ನಲ್ಲಿ ಬಂದ ತುಣುಕಿನ ಮೂಲೆಯ ಸಣ್ಣ ಅಕ್ಷರವನ್ನು ಓದುವವರು ಯಾರು? ‘ಬಟೂಟಾ ಅಡ್ವೊಕೇಟ್’ ಎಂಬ ವಿಡಂಬನಾ ಪತ್ರಿಕೆ ಕ್ವೀನ್ಸ್‌ಲ್ಯಾಂಡಿನ ಮೂಲೆಯಲ್ಲಿ ಹೆಚ್ಚುಕಡಿಮೆ ಖಾಲಿ ಬಿದ್ದ ಊರಿನ ಹೆಸರಿಟ್ಟುಕೊಂಡಿದೆ. ಆ ಹೆಸರೇ ಇದು ತಮಾಷೆ ಎಂದು ಹೇಳಬೇಕು. ಆದರೂ ಅದರ ಸುದ್ದಿಯನ್ನು ನಿಜವೆಂದು ನಂಬಿ ಹಂಚುವವರು ಸಿಗುತ್ತಲೇ ಇರುತ್ತಾರೆ.

ಆದ್ದರಿಂದ ನೀವು ಅಂಕಣ ಶುರುಮಾಡುವುದಾದರೆ ‘ವಿಡಂಬನೆ’ ಎಂಬ ಪದ ಚೌಕಟ್ಟಿನ ಹೊರಗಲ್ಲ, ಒಳಗೇ ಇರಲಿ. ಮೇಲೊಂದು, ಕೊನೆಯ ಸಾಲಿಗೆ ಅಂಟಿಕೊಂಡು ಇನ್ನೊಂದು. ಸ್ಕ್ರೀನ್‌ಶಾಟ್ ತೆಗೆಯುವವರು ಮೊದಲು ಕತ್ತರಿಸುವುದು ಶೀರ್ಷಿಕೆಯನ್ನೇ. ಸುದ್ದಿಗೆ ಬಳಸುವ ಅಕ್ಷರ ವಿನ್ಯಾಸ ಬೇಡ, ‘ಬಳ್ಳಾರಿ:’ ಎಂದು ಊರಿನ ಹೆಸರಿನಿಂದ ಆರಂಭ ಬೇಡ. ಅವೆರಡೇ ಸಾಕು ಸುಳ್ಳು ಸುದ್ದಿಯಾಗಲು. ಇರುವ ವ್ಯಕ್ತಿಯ ಬಾಯಿಗೆ ಆಡದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ತುರುಕಬಾರದು, ಹುದ್ದೆ ಸಾಕು. 200 ಪದ ದಾಟಬಾರದು. ಬರೆದವರೊಬ್ಬರು, ಪ್ರತಿ ಅಂಕಿಯ ಪಕ್ಕ ಅದರ ದಾಖಲೆಯನ್ನು ಪೆನ್ಸಿಲಿನಲ್ಲಿ ಗುರುತು ಹಾಕುವವರು ಇನ್ನೊಬ್ಬರು. ಒಬ್ಬರೇ ಎರಡೂ ಕೆಲಸ ಮಾಡಿದರೆ ತಮಾಷೆಯ ಮೋಹಕ್ಕೆ ಅಂಕಿ ಬಾಗುತ್ತದೆ. ವಿಷಯ ತಾಜಾ ಇರಬೇಕು, ಘಟನೆ ನಡೆದ ಹತ್ತು ದಿನದ ಮೇಲೆ ಬಂದ ಜೋಕು ತಂಗಳು.

ವಿಷಯಕ್ಕೆ ನಮ್ಮ ಮೂರು ಜಿಲ್ಲೆಗಳಲ್ಲಿ ಬರವೇನಿಲ್ಲ. ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆ ನಡೆದು ನೀರು ಬಿಟ್ಟ ಮೇಲೂ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ತಲುಪದ ಲೆಕ್ಕ ರಾಯಚೂರಿನಲ್ಲಿದೆ. ಕೊಪ್ಪಳದ ಕಾರ್ಖಾನೆಗಳ ಕಪ್ಪು ಬೂದಿ ಇದೆ, ಬಳ್ಳಾರಿಯಲ್ಲಿ ಮೆಣಸಿನಕಾಯಿ ಬೆಳೆಗಾರರು ವರ್ಷಗಳಿಂದ ಕೇಳುತ್ತಿರುವ ಮಾರುಕಟ್ಟೆ ಇದೆ. ಮೊದಲ ನಾಲ್ಕು ವಾರದ ಸಾರಥಿಯನ್ನು ದಾಖಲೆ ಸಮೇತ ನಾವು ಬರೆದುಕೊಡುತ್ತೇವೆ. ಎರಡು ಕಾಲಂ ಜಾಗ ಕೊಡಿ, ಒಳಪುಟದಲ್ಲಾದರೂ ಸರಿ, ಹರಾಜು ನೋಟಿಸುಗಳ ಪಕ್ಕದಲ್ಲಾದರೂ ಸರಿ.

ಇತಿ,
ಪತ್ರಿಕಾ ಬರವಣಿಗೆ ಮತ್ತು ವ್ಯಂಗ್ಯಚಿತ್ರ ಕಲಿಸುವ ಅಧ್ಯಾಪಕರ ಬಳಗ
ಬಳ್ಳಾರಿ